ಹನ್ನೊಂದನೇ ಪಾಠದ ಪಿನ್ನುಗಳು

ಹತ್ತೊಂಬತ್ತು ವರ್ಷಗಳಿಂದ ಆ ಶಾಲೆಯ ಆಯಾ ಒಂದು ಕೆಲಸವನ್ನು ಚಾಚೂ ತಪ್ಪದೆ ಮಾಡಿಕೊಂಡು ಬಂದಿದ್ದಳು. ಹೊಸ ಪುಸ್ತಕಗಳ ಕಟ್ಟು ಬಂದ ದಿನ ಉಗ್ರಾಣದಲ್ಲಿ ಕೂತು, ಎಂಟನೇ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಹನ್ನೊಂದನೇ ಪಾಠದ ಹಾಳೆಗಳನ್ನೆಲ್ಲ ಒಟ್ಟಿಗೆ ಹಿಡಿದು ಸ್ಟೇಪ್ಲರಿನಿಂದ ಮೂರು ಕಡೆ ಪಿನ್ನು ಹೊಡೆಯುವುದು. ಹೆಣ್ಣಿನ, ಗಂಡಿನ ದೇಹ ಬೆಳೆಯುವ ಪಾಠ ಅದು. ಹಾಗೆ ಮಾಡೆಂದು ದೊಡ್ಡ ಮೇಡಂ, ಅಂದರೆ ಮುಖ್ಯೋಪಾಧ್ಯಾಯಿನಿ, ಹೇಳಿದ್ದರು. ಇವಳು ಯಾಕೆಂದು ಕೇಳಿರಲಿಲ್ಲ. ಮರ್ಯಾದಸ್ಥರ ಶಾಲೆ ನೋಡಿ, ಅಲ್ಲಿಯ ಮಕ್ಕಳಿಗೆ ದೇಹವೇ ಇರಬಾರದು!

ಈ ವರ್ಷ ಪಿನ್ನು ಹೊಡೆದ ನಲವತ್ತೆರಡು ಪುಸ್ತಕಗಳಲ್ಲಿ ಒಂದು ಅವಳ ಮೊಮ್ಮಗಳದೇ ಆಗಿತ್ತು.

ಒಂದು ಮಧ್ಯಾಹ್ನ ಆಯಾ ಹುಡುಗಿಯರ ಶೌಚಾಲಯ ತೊಳೆಯುತ್ತಿದ್ದಾಗ ಕೊನೆಯ ಬಾಗಿಲ ಹಿಂದಿನಿಂದ ಬಿಕ್ಕುವ ಸದ್ದು ಬಂತು.

"ಯಾರದು?"

"ನಾನೇ ಅಜ್ಜಿ."

ಬಾಗಿಲು ತೆರೆದುಕೊಂಡಿತು. ಮೊಮ್ಮಗಳ ಲಂಗದ ಮೇಲೆ ಕಲೆ, ಮುಖವೆಲ್ಲ ಕಣ್ಣೀರು.

"ನಂಗೇನೋ ದೊಡ್ಡ ಕಾಯಿಲೆ ಬಂದಿದೆ. ಇನ್ನು ಬದುಕಲ್ಲ. ಕಂಪಾಸ್ ಬಾಕ್ಸ್ ಪಕ್ಕದವಳಿಗೆ ಕೊಟ್ಬಿಟ್ಟೆ, ಅವಳೇ ಇಟ್ಕೊಳ್ಲಿ."

ಅಜ್ಜಿಗೆ ನಗು ಬಂತು. ಹುಡುಗಿಯ ಮುಖ ನೋಡಿದ ಮೇಲೆ ನಗು ಬಿಟ್ಟು, ಸೆರಗಿನಿಂದ ಅವಳ ಕಣ್ಣೊರೆಸಿದಳು.

"ಇದು ಕಾಯಿಲೆ ಅಲ್ಲ ಕಣೇ ಪುಟ್ಟಿ. ಎಲ್ಲಾ ಹೆಣ್ಮಕ್ಕಳಿಗೂ ಬರುತ್ತೆ."

"ಯಾಕೆ ಬರುತ್ತೆ?"

ಅಜ್ಜಿ ಮಗ್ಗಿನಲ್ಲಿ ನೀರು ತೆಗೆದುಕೊಂಡು ಲಂಗದ ಕಲೆ ತೊಳೆಯತೊಡಗಿದಳು. ಮೂರು ಮಕ್ಕಳನ್ನು ಹೆತ್ತವಳಿಗೆ ಅದು ಗೊತ್ತಿರಲಿಲ್ಲ.

"ನಿಂಗೂ ಗೊತ್ತಿಲ್ಲ. ಸುಮ್ನೆ ಸಮಾಧಾನ ಮಾಡ್ತಿದೀಯ."

ಆ ಮಾತು ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಮೊಮ್ಮಗಳ ವಯಸ್ಸಿನಲ್ಲಿ ತಾನೂ ಬಾಗಿಲ ಹಿಂದೆ ಕೂತು ಸಾವಿಗೆ ಕಾದಿದ್ದಳು. ಉತ್ತರ ಪುಸ್ತಕದಲ್ಲೇ ಇತ್ತು, ಅದನ್ನು ಮುಚ್ಚಿದ್ದು ತನ್ನದೇ ಕೈ. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಮರುದಿನ ಗಂಟೆ ಹೊಡೆಯುವ ಮೊದಲೇ ಬಂದು, ಮಕ್ಕಳು ಶಾಲೆಯಲ್ಲೇ ಬಿಟ್ಟುಹೋಗುವ ಪುಸ್ತಕಗಳನ್ನು ತರಗತಿಯ ಬೀರುವಿನಿಂದ ಇಳಿಸಿ, ಸಣ್ಣ ಚಾಕುವಿನಿಂದ ಒಂದೊಂದೇ ಪಿನ್ನು ಎಬ್ಬಿಸಿದಳು. ಹೆಬ್ಬೆರಳು ಕುಯ್ದುಹೋದರೂ ಬಿಡಲಿಲ್ಲ. ಪಿನ್ನುಗಳನ್ನೆಲ್ಲ ಒಂದು ಖಾಲಿ ಬಾಟಲಿಗೆ ತುಂಬಿ ದೊಡ್ಡ ಮೇಡಂ ಮೇಜಿನ ಮೇಲಿಟ್ಟಳು.

"ಹೊಡೆದವಳೂ ನಾನೇ, ಕಿತ್ತವಳೂ ನಾನೇ ಮೇಡಂ."

"ತಲೆ ನೆಟ್ಟಗಿದ್ಯಾ ನಿಂಗೆ? ಅಪ್ಪ ಅಮ್ಮಂದಿರು ಬಂದು ನನ್ನ ಮೇಲೆ ಕೂಗಾಡಿದ್ರೆ?"

"ಕೂಗಾಡೋರಿಗಾಗ್ಲಿ ನಮಗಾಗ್ಲಿ ಮನೇಲಿ ಹೇಳ್ಕೊಡೋಕಾಗಿದ್ರೆ ನಮ್ಮ ಹುಡುಗಿ ನಿನ್ನೆ ಸಾಯೋಕೆ ಕೂತಿರ್ತಿರ್ಲಿಲ್ಲ."

ಮೇಡಂ ಸ್ಟೇಪ್ಲರನ್ನು ಅವಳತ್ತ ತಳ್ಳಿದರು. "ಇವತ್ತೇ ಎಲ್ಲಾ ವಾಪಸ್ ಹೊಡಿ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

"ಹೊಡೀತೀನಿ," ಎಂದಳು ಆಯಾ.

ವಿಜ್ಞಾನದ ಪಿರಿಯಡ್ಡಿಗೆ ಸರಿಯಾಗಿ ಸ್ಟೇಪ್ಲರ್ ಹಿಡಿದು ಎಂಟನೇ ತರಗತಿಗೆ ಹೋದಳು. ಹೊಸದಾಗಿ ಬಂದಿದ್ದ ಟೀಚರಮ್ಮನಿಗೆ ಆ ಪಾಠ ಮಾಡುವ ಆಸೆಯೇನೋ ಇತ್ತು, ಧೈರ್ಯ ಇರಲಿಲ್ಲ.

"ಪಿನ್ನು ಹೊಡೆಯೋಕೆ ಕಳಿಸಿದಾರೆ ಟೀಚರ್. ಪಾಠ ಆದ್ಮೇಲೆ ಹೊಡೀತೀನಿ. ನೀವು ಶುರು ಮಾಡಿ." ಹೀಗೆಂದವಳೇ ಸ್ಟೂಲು ಎಳೆದು ಬಾಗಿಲಿಗೆ ಅಡ್ಡವಾಗಿ ಕೂತುಬಿಟ್ಟಳು.

ಟೀಚರಮ್ಮ ಪುಸ್ತಕ ತೆರೆದಳು. ಮೊದಲು ಕಿಸಿಕಿಸಿ ನಗು ಎದ್ದಿತು, ಆಮೇಲೆ ಅಡಗಿತು. ದೇಹ ಯಾಕೆ ಬದಲಾಗುತ್ತದೆ, ತಿಂಗಳಿಗೊಮ್ಮೆ ರಕ್ತ ಯಾಕೆ ಹೋಗುತ್ತದೆ, ಇಷ್ಟವಿಲ್ಲದೆ ಯಾರಾದರೂ ಮುಟ್ಟಿದರೆ ಬೇಡ ಎಂದು ಹೇಗೆ ಹೇಳಬೇಕು, ಯಾರಿಗೆ ತಿಳಿಸಬೇಕು. ಹುಡುಗರೂ ಕಿವಿಗೊಟ್ಟು ಕೇಳಿದರು. ಎಲ್ಲರಿಗಿಂತ ಹೆಚ್ಚು ಗಮನವಿಟ್ಟು ಕೇಳಿದವಳು ಸ್ಟೂಲಿನ ಮೇಲಿದ್ದಳು.

ಅಷ್ಟರಲ್ಲಿ ದೊಡ್ಡ ಮೇಡಂ ಬಂದರು.

"ಏಳು ಮೇಲೆ!"

"ಪಾಠ ಮುಗೀಲಿ ಮೇಡಂ. ಆಮೇಲೆ ಕೆಲಸದಿಂದ ತೆಗೀರಿ." ಆಯಾ ಅಲುಗಾಡಲಿಲ್ಲ.

ಮೇಡಂ ಇನ್ನೇನೋ ಹೇಳಲು ಬಾಯಿ ತೆರೆದರು. ಹಿಂದಿನ ಬೆಂಚಿನಿಂದ ಬಂದ ಮೊಮ್ಮಗಳ ದನಿ ಇಡೀ ತರಗತಿಗೆ ಕೇಳಿಸಿತು.

"ಏ, ನನ್ನ ಕಂಪಾಸ್ ಬಾಕ್ಸ್ ವಾಪಸ್ ಕೊಡೇ."