ಕಟ್ಟದೇ ಉಳಿದ ಅಡುಗೆಮನೆ

"ಕಾಲಿನ ಕಡೆ ಎತ್ರಪ್ಪಾ, ತಲೆ ಕಡೆ ಇಳಿಸಿ. ಮಟ್ಟ ಇರ್ಲಿ, ಮಟ್ಟ!" ಎಂದು ರಸಮಟ್ಟ ಕೆಳಗಿನ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದ. ನಾಲ್ವರು ಹೊತ್ತ ಮೇಸ್ತ್ರಿಯ ದೇಹ ಮಹಡಿ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು.

ಗೋಡೆಯ ಮಟ್ಟ ನೋಡುವ ಸಲಕರಣೆಯ ಹೆಸರೇ ಅವನಿಗೆ ಅಂಟಿಕೊಂಡಿತ್ತು. ಮೂವತ್ತು ವರ್ಷ ಮೇಸ್ತ್ರಿಯ ಕೈಕೆಳಗೆ ದುಡಿದವನು. ಚಹಾದ ಲೋಟ ಇಡುವ ಮೊದಲೂ ಮೇಜು ವಾಲಿದೆಯೇ ಎಂದು ಬಗ್ಗಿ ನೋಡುವ ಆಸಾಮಿ.

"ಈ ಮೆಟ್ಟಿಲು ಕಟ್ಟಿದ ಪುಣ್ಯಾತ್ಮನ್ನ ಅಪ್ಪ ದಿನಾ ಬೈತಿದ್ರು," ಎಂದಳು ಮಗಳು, ಕಣ್ಣೊರೆಸಿಕೊಳ್ಳುತ್ತಾ. "ಕೊನೇಗೂ ಅವನು ಸೇಡು ತೀರಿಸ್ಕೊಂಡ."

ಹೊತ್ತವರಲ್ಲಿ ಒಬ್ಬನಿಗೆ ನಗು ಬಂತು. ಅಳುವ ಹೊತ್ತಿನಲ್ಲಿ ಬರುವ ನಗುವನ್ನು ತಡೆಯುವುದು ಕಷ್ಟ. ದೇಹ ಇನ್ನೊಮ್ಮೆ ವಾಲಿತು, ರಸಮಟ್ಟ ಇನ್ನೊಮ್ಮೆ ಕಿರುಚಿದ. ಮೇಲೆ ಬಾಗಿಲಲ್ಲಿ ನಿಂತ ಮೇಸ್ತ್ರಮ್ಮ ಮಾತ್ರ ನಗಲಿಲ್ಲ. ನಲವತ್ತೊಂದು ವರ್ಷ ಬಾಡಿಗೆ ಮನೆಯಲ್ಲಿದ್ದು, ಗಂಡನ ಹೆಣ ಇಳಿಸುವುದಕ್ಕೂ ಬೇರೆಯವರ ಮೆಟ್ಟಿಲೇ ಆಯಿತಲ್ಲ ಎಂದುಕೊಂಡರು.

ಕೆಳಗೆ ಬೀದಿಯ ಎರಡೂ ಬದಿ ಗಾಡಿಗಳು. ಬಂದ ಜನಕ್ಕೆ ನಿಲ್ಲಲು ಜಾಗವಿರಲಿಲ್ಲ, ದೇಹ ಇಡುವ ಮಾತು ದೂರವೇ ಉಳಿಯಿತು.

"ವ್ಯಾನು ಬರೋಕೆ ಇನ್ನೂ ಒಂದು ಗಂಟೆ ಇದೆ," ಎಂದ ರಸಮಟ್ಟ. "ನಿಮ್ಮ ಖಾಲಿ ಸೈಟಿಗೇ ತಗೊಂಡು ಹೋಗೋಣ. ಅಲ್ಲಾದ್ರೆ ಎಲ್ಲರಿಗೂ ಮುಖ ನೋಡೋಕಾಗುತ್ತೆ. ಏನಂತೀರಿ ಅಕ್ಕಾ?"

ಮೇಸ್ತ್ರಮ್ಮ ಸೆರಗು ಹೊದ್ದು ಮೆಟ್ಟಿಲಿಳಿದರು. ಹತ್ತು ವರ್ಷದಿಂದ ಅವರು ಆ ಕಡೆ ತಲೆ ಹಾಕಿರಲಿಲ್ಲ.

*

ಸೈಟು ಬೀದಿಯ ಕೊನೆಯಲ್ಲಿತ್ತು, ಮೇಸ್ತ್ರಮ್ಮನ ಹೆಸರಿನಲ್ಲೇ ಇತ್ತು. ಮದುವೆಯಾದ ಮೂರನೇ ವರ್ಷ ಮೇಸ್ತ್ರಿ ಅದನ್ನು ಕೊಂಡು, ಹೆಂಡತಿಯನ್ನು ಕರೆದೊಯ್ದು, ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಇಡೀ ಮನೆಯನ್ನು ಬರೆದು ತೋರಿಸಿದ್ದ. ಪಾಯ ತೆಗೆಯುವ ಮುನ್ನ ಎಲ್ಲರ ಮನೆಗೂ ಅವನು ಮಾಡುತ್ತಿದ್ದ ಕೆಲಸವೇ ಅದು.

"ಇದು ಹಜಾರ. ಇದು ಮಲಗೋ ಕೋಣೆ. ಇಲ್ಲಿ ನಿಂತ್ಕೋ, ಇದು ನಿನ್ನ ಅಡುಗೆಮನೆ."

ಅವಳು ನಿಂತಳು. ಕೈ ಚಾಚಿ ನೋಡಿ, "ಇನ್ನೂ ಎರಡಡಿ ಬೇಕು ಕಣ್ರೀ," ಎಂದಳು. ಮೇಸ್ತ್ರಿ ಕಾಲಿನಲ್ಲಿ ಗೆರೆ ಅಳಿಸಿ, ಎರಡಡಿ ಆಚೆ ಹೊಸ ಗೆರೆ ಎಳೆದ. ಗೋಡೆಯನ್ನು ಅಷ್ಟು ಸಲೀಸಾಗಿ ಸರಿಸುವ ಗಂಡ ಸಿಕ್ಕಿದ್ದಕ್ಕೆ ಅವಳು ಬೀಗಿದ್ದಳು.

ಆ ವರ್ಷ ಊರಿನಲ್ಲಿ ಕೆಲಸವೋ ಕೆಲಸ. ಮೊದಲು ಇನ್ನೊಬ್ಬರ ಮನೆ ಮುಗಿಸಿ ಬರುತ್ತೇನೆಂದ. ಮಳೆ ಬಂದು ಸುಣ್ಣ ಹೋಯಿತು. ಮರುವರ್ಷ ಮತ್ತೆ ಬರೆದ. ಶಾಲೆ ಬಿಟ್ಟ ಮಕ್ಕಳು ಆ ಗೆರೆಗಳನ್ನೇ ಆಟದ ಅಂಕಣ ಮಾಡಿಕೊಂಡರು. ಅಡುಗೆಮನೆಗೆ ಕಾಲಿಟ್ಟವರು ಔಟು. ಹೀಗೆ ಎಷ್ಟು ವರ್ಷ ಬರೆದನೋ. ಪ್ರತಿ ಸಲ ಅವಳು ಹೋಗಿ ನಿಂತು, ಕಿಟಕಿ ಇಲ್ಲಿ ಬೇಡ ಅಲ್ಲಿ ಬೇಕು ಎಂದು ಹೇಳಿ ಬರುತ್ತಿದ್ದಳು. ಒಂದು ವರ್ಷ ಅವನು ಕರೆದಾಗ, "ನಿಮ್ಮ ಸುಣ್ಣದ ಮನೇಲಿ ನೀವೇ ಇರಿ," ಎಂದಳು. ಅವತ್ತಿನಿಂದ ಹೋಗಲಿಲ್ಲ.

*

ಸೈಟಿನ ನಡುವೆ ಎರಡು ಬೆಂಚು ಜೋಡಿಸಿ ದೇಹ ಇಟ್ಟರು. ರಸಮಟ್ಟ ಒಂದು ಬೆಂಚಿನ ಕಾಲಿಗೆ ಚಪ್ಪಟೆ ಕಲ್ಲು ಕೊಟ್ಟು, ದೂರ ನಿಂತು ನೋಡಿ, ಆಮೇಲೆ ಅತ್ತ.

ಮೇಸ್ತ್ರಮ್ಮನ ತಮ್ಮ ಅಕ್ಕನ ಪಕ್ಕ ಬಂದು ನಿಂತ. ಆ ಸೈಟು ಕೊಂಡು ನಾಲ್ಕು ಮಹಡಿ ಎಬ್ಬಿಸಲು ಕಾಯುತ್ತಿದ್ದ ಕಟ್ಟಡದವನೊಬ್ಬನನ್ನು ಗೊತ್ತು ಮಾಡಿಟ್ಟವನು ಅವನೇ.

"ಇವತ್ತು ಆ ಮಾತು ಬೇಡ ಅಂತ ಗೊತ್ತು ಅಕ್ಕಾ. ಆದ್ರೂ ಹೇಳ್ತೀನಿ. ಕೆಳಗಿನ ಇಡೀ ಮನೆ ನಿಂಗೇ ಅಂತಾನೆ ಅವನು. ನಿಂಗೆ ಹೇಗೆ ಬೇಕೋ ಹಾಗೆ ಅಡುಗೆಮನೆ."

ಅಷ್ಟರಲ್ಲಿ ನಗರಸಭೆಯ ಗುಮಾಸ್ತೆ ಹೂವಿನ ಹಾರ ಹಿಡಿದು ಬಂದಳು. ಹಾರ ಹಾಕಿ, ಕೈಮುಗಿದು, ಸದ್ದಿಲ್ಲದೆ ಹೊರಟವಳನ್ನು ಮಗಳೇ ತಡೆದಳು.

"ಸೈಟು ನಗರಸಭೆಗೆ ಕೊಡೋ ಆ ಪತ್ರಕ್ಕೆ ಯಾವತ್ತಿನ ತನಕ ಟೈಮ್ ಇದೆ ಮೇಡಂ?"

ಗುಮಾಸ್ತೆಗೆ ಸಂಕಟವಾಯಿತು. "ನಾನು ಅದಕ್ಕೆ ಬಂದಿಲ್ಲಮ್ಮ, ನಿಜವಾಗ್ಲೂ. ಇವತ್ತು ಸಂಜೆ ಐದಕ್ಕೆ ಮುಗಿಯುತ್ತೆ. ಅಮ್ಮ ಸಹಿ ಹಾಕದಿದ್ರೆ ಬೇರೆ ವಾರ್ಡಿನ ಜಾಗ ತಗೋತಾರೆ. ಹೋಗ್ಲಿ ಬಿಡಿ, ಇವತ್ತು ಯಾರು ಕೇಳ್ತಾರೆ."

*

ಖಾಲಿ ಜಾಗಗಳನ್ನು ಕೊಂಡು ಯಾರೂ ಕಟ್ಟದ ಹಾಗೆ ಬಯಲಾಗಿಯೇ ಉಳಿಸಲು ನಗರಸಭೆ ಹೊರಟಿದೆ ಎಂದು ಎರಡು ತಿಂಗಳ ಹಿಂದೆ ಮೇಸ್ತ್ರಿ ಪತ್ರ ತಂದಿದ್ದ. ಕಟ್ಟಡದವನ ಅರ್ಧ ಬೆಲೆಯೂ ಇರಲಿಲ್ಲ.

"ಈ ಬೀದೀಲಿ ಹದಿನೇಳು ಮನೆ ನಾನೇ ಕಟ್ಟಿದ್ದು," ಎಂದಿದ್ದ. "ಒಂದಡಿನೂ ಬಿಡಬೇಡಿ ಅಂದ್ರು, ಬಿಡಲಿಲ್ಲ. ಒಬ್ಬರ ಕಿಟಕಿಗೆ ಇನ್ನೊಬ್ಬರ ಗೋಡೆ ತಂದು ನಿಲ್ಲಿಸ್ದೆ. ಇದೊಂದು ಜಾಗ ಉಳ್ಕೊಂಡಿದೆ ಕಣೆ."

"ಊರವರ ಗಾಳಿ ಬೆಳಕು ನಿಮಗೆ ಕಾಣುತ್ತೆ. ನಾನು ಕಾಣಲ್ಲ."

ಅದು ನಿಜವಾಗಿತ್ತು. ಅವನು ಪತ್ರ ಮಡಚುತ್ತಾ, "ಒಂದ್ಸಲ ಬಂದು ನೋಡು. ಆಮೇಲೆ ಬೇಡ ಅನ್ನು," ಎಂದ. ಆಮೇಲೂ ಹತ್ತಾರು ಸಲ ಅದನ್ನೇ ಹೇಳಿದ. ನಿನ್ನೆ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದ್ದೂ ಅದೇ. ಅವಳು ಪಾತ್ರೆ ಕುಕ್ಕಿ ಒಳಗೆ ಹೋಗಿದ್ದಳು.

*

"ಮೇಸ್ತ್ರೀ... ಅಯ್ಯೋ ಮೇಸ್ತ್ರೀ..."

ದನಿ ಎಲ್ಲಿಂದ ಬಂತೆಂದು ಎಲ್ಲರೂ ತಿರುಗಿದರು. ಸೈಟಿಗೆ ಅಂಟಿಕೊಂಡಂತಿದ್ದ ಮನೆಯ ಕಿಟಕಿಯಲ್ಲಿ ಒಂದು ಮುಖವಿತ್ತು, ಸರಳು ಹಿಡಿದ ಎರಡು ಕೈಗಳಿದ್ದವು. ಮೂಲೆಮನೆ ದೊಡ್ಡಮ್ಮ! ಮೇಸ್ತ್ರಮ್ಮನಿಗೆ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಒಂದು ಕಾಲದಲ್ಲಿ ದಿನವೂ ಒಟ್ಟಿಗೆ ತರಕಾರಿ ಕೊಳ್ಳುತ್ತಿದ್ದವರು. ಆರು ವರ್ಷದ ಹಿಂದೆ ದೊಡ್ಡಮ್ಮ ಬಿದ್ದು ಹಾಸಿಗೆ ಹಿಡಿದರಂತೆ ಎಂದು ಕೇಳಿದ್ದರು, ಹೋಗಬೇಕು ಹೋಗಬೇಕು ಎನ್ನುತ್ತಲೇ ಉಳಿದಿದ್ದರು.

ಮೇಸ್ತ್ರಮ್ಮ ಕಿಟಕಿಯ ಹತ್ತಿರ ಹೋದರು.

"ಬಂದ್ಯಾ?" ಎಂದರು ದೊಡ್ಡಮ್ಮ. "ದಿನಾ ಬಂದು ಇಲ್ಲೇ ನಿಂತು ಮಾತಾಡಿಸ್ಕೊಂಡು ಹೋಗೋನು ಕಣೆ. ನಿನ್ನೇನೂ ಬಂದಿದ್ದ. ನನ್ನ ಹೆಂಡ್ತೀನ ಒಂದಿನ ಕರ್ಕೊಂಡು ಬರ್ತೀನಿ ಅಂತಿದ್ದ. ನೋಡು, ನಾನು ಎದ್ದು ಬರೋಕಾಗಲ್ಲ. ಇಲ್ಲಿಂದ್ಲೇ ಮುಖ ನೋಡ್ದೆ."

ಮೇಸ್ತ್ರಮ್ಮ ಒಳಗೆ ಇಣುಕಿದರು. ಸಣ್ಣ ಕೋಣೆ. ಮಂಚವನ್ನು ಕಿಟಕಿಗೆ ಒತ್ತಿಸಿ ಹಾಕಿದ್ದರು. ಕೋಣೆಗೆ ಬೇರೆ ಕಿಟಕಿ ಇರಲಿಲ್ಲ.

ಅವರು ತಿರುಗಿ ರಸಮಟ್ಟನನ್ನು ಕರೆದರು.

"ನಮ್ಮ ಅಡುಗೆಮನೆ ಗೋಡೆ ಎಲ್ಲಿಗೆ ಬರ್ತಿತ್ತೋ?"

ಅವನು ಮೂಗೊರೆಸಿಕೊಂಡು, ಸೈಟಿನ ಮೂಲೆಯಿಂದ ಹೆಜ್ಜೆ ಹಾಕುತ್ತಾ ಬಂದು ಕಿಟಕಿಯ ಮುಂದೆ ನಿಂತ. ಅವನ ಬೆನ್ನು ಸರಳಿಗೆ ತಾಗುವಷ್ಟು ಹತ್ತಿರವಿತ್ತು. ದೊಡ್ಡಮ್ಮನ ಮುಖ ಕಾಣದಾಯಿತು.

"ಇಲ್ಲಿಗೆ ಅಕ್ಕಾ. ಮೊದಲು ಅಷ್ಟು ದೂರ ಇತ್ತಂತೆ. ನೀವು ಎರಡಡಿ ಜಾಸ್ತಿ ಕೇಳಿದ್ರಲ್ಲ."

"ಪಕ್ಕಕ್ಕೆ ಬಾ," ಎಂದರು ಮೇಸ್ತ್ರಮ್ಮ. ಅವನು ಸರಿಯಲು ತಡಮಾಡಿದಾಗ ತೋಳು ಹಿಡಿದು ಎಳೆದರು. ಆಮೇಲೆ ಬೆಂಚಿನ ಹತ್ತಿರ ಹೋಗಿ, ಬೆಳಗಿನಿಂದ ಅಳದೇ ಇದ್ದವರು ಗಂಡನ ಎದೆಯ ಮೇಲೆ ತಲೆಯಿಟ್ಟು ಗೋಳೋ ಎಂದು ಅತ್ತರು. "ಬಂದೆ ಕಣ್ರೀ, ಬಂದೆ, ನೋಡ್ದೆ," ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಅವರ ತಮ್ಮ ತಲೆ ತಗ್ಗಿಸಿ ದೂರ ಹೋದ.

*

ಸ್ಮಶಾನದಿಂದ ವ್ಯಾನು ನೇರವಾಗಿ ನಗರಸಭೆಯ ಮುಂದೆ ನಿಂತಿತು. ನಾಲ್ಕೂವರೆ. ಕೆದರಿದ ತಲೆ, ಬೂದಿ ಮೆತ್ತಿದ ಸೆರಗಿನ ಹೆಂಗಸನ್ನು ಕಂಡು ಕಾವಲಿನವನು ಎದ್ದು ನಿಂತ.

ಗುಮಾಸ್ತೆ ಪತ್ರ ಹರಡಿದಳು. "ಅಮ್ಮ, ಇವತ್ತೇ ಬೇಕಾ? ನಾಳೆ ಬೇಜಾರು ಮಾಡ್ಕೋಬಾರ್ದು."

"ಬೇಜಾರು ಆಗುತ್ತೆ. ಅದಕ್ಕೇ ಇವತ್ತೇ ಹಾಕ್ತೀನಿ. ಸುತ್ತ ಗೋಡೆ ಕಟ್ತೀರಾ?"

"ಬೇಲಿ ಅಂತೂ ಹಾಕಬೇಕಮ್ಮ, ನಿಯಮ."

"ಹಾಗಾದ್ರೆ ಗೇಟಿಗೆ ಬೀಗ ಬೇಡ. ಅದನ್ನ ಬರೀರಿ, ಆಮೇಲೆ ಸಹಿ."

ಗುಮಾಸ್ತೆ ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದು ಬರೆದಳು. ಮೇಸ್ತ್ರಮ್ಮ ಒಂದೊಂದೇ ಅಕ್ಷರವನ್ನು ತಿದ್ದಿ ತೀಡಿದಂತೆ ಸಹಿ ಹಾಕಿದರು.

ಹಿಂತಿರುಗಿದಾಗ ಮಗಳು ಮೇಲೆ ಹೋಗಿ ಮಲಗಮ್ಮ ಎಂದಳು. ಮೇಸ್ತ್ರಮ್ಮ ಕೇಳಲಿಲ್ಲ. ಬೀದಿಯ ಕೊನೆಗೆ ನಡೆದು, ಬಯಲಿನಲ್ಲಿ ಚಪ್ಪಲಿ ಬಿಟ್ಟು, ನೆಲದ ಮೇಲೆ ಕಾಲು ಚಾಚಿ ಕೂತರು. ಬಿಸಿಲು ಇಳಿದಿತ್ತು, ಗಾಳಿ ಬೀಸುತ್ತಿತ್ತು.

ಕಿಟಕಿಯ ಸರಳಿನ ನಡುವಿನಿಂದ ಚಹಾದ ಲೋಟ ಹಿಡಿದ ದೊಡ್ಡಮ್ಮನ ಸೊಸೆಯ ಕೈ ಹೊರಬಂತು. ಮೇಸ್ತ್ರಮ್ಮ ಎದ್ದು ಹೋಗಿ ಇಸಿದುಕೊಂಡು, ಅಲ್ಲೇ ಕಿಟಕಿಯ ಕೆಳಗೆ ಗೋಡೆಗೆ ಒರಗಿ ಕೂರಲು ಹೋದರು.

"ಅಲ್ಲಿ ಬೇಡ್ವೇ," ಎಂದರು ಒಳಗಿನಿಂದ ದೊಡ್ಡಮ್ಮ. "ಸ್ವಲ್ಪ ಆಚೆ ಹೋಗು. ನಂಗೆ ಕಾಣೋ ಹಾಗೆ ಕೂತ್ಕೋ."

ಮೇಸ್ತ್ರಮ್ಮ ಲೋಟ ಹಿಡಿದುಕೊಂಡು ಹಿಂದೆ ಹಿಂದೆ ಸರಿದರು. "ಇಲ್ಲಿ?"

"ಇನ್ನೂ ಸ್ವಲ್ಪ."

"ಇಲ್ಲಿ?"

"ಹಾಂ, ಅಲ್ಲೇ. ಈಗ ಪೂರ್ತಿ ಕಾಣ್ತೀಯ."