ಅರ ಅಂದರೆ ಆರಲ್ಲ

ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದರೆ ನಮಗೆಲ್ಲ ಒಂದೇ ಅವಸರ. ಇವತ್ತು ಗುಳಿಗೆ ನುಂಗಿದವರು ನಾಳೆಯೇ ಎದ್ದು ರೊಟ್ಟಿ ಬಡಿಯಬೇಕು! ರಾರಾವಿ ಊರಿನ ಮೈಲಾರಲಿಂಗಪ್ಪನಿಗೂ ಅದೇ ಅವಸರ. ತಾಯಿ ಗಾದೆಮ್ಮನಿಗೆ ಹೃದಯದ ಕಾಯಿಲೆ. ದಿನಕ್ಕೊಂದು ಗುಳಿಗೆ ತಪ್ಪದೆ ಕೊಡುತ್ತಿದ್ದ. ಮೊದಮೊದಲು ಕಾಲಿನ ಬಾವು ಇಳಿಯಿತು. ಆಮೇಲೆ ಊಟ ಸೇರದಾಯಿತು, ವಾಂತಿ ಶುರುವಾಯಿತು. ಹೆದರಿ ಸಿರುಗುಪ್ಪದ ಆಸ್ಪತ್ರೆಗೆ ಸೇರಿಸಿದ.

ಡಾಕ್ಟರು ಆದೋನಿ ಕಡೆಯವರು, ಕನ್ನಡಕ್ಕೆ ತೆಲುಗು ಬೆರೆಸಿ ಮಾತಾಡುವವರು. ಬೆಳಿಗ್ಗೆ ಗಾದೆಮ್ಮನನ್ನು ನೋಡಿ, ಕುರುಗೋಡಿನ ಆರೋಗ್ಯ ಕ್ಯಾಂಪಿಗೆ ಹೊರಟ ಜೀಪಿನಿಂದಲೇ ಮಗನಿಗೆ ಕೂಗಿ ಹೇಳಿದರು: "ಇವತ್ತಿಂದ ದಿನಾ ಅರ ಬಿಳ್ಳ!"

ಬಿಳ್ಳ ಅಂದರೆ ಗುಳಿಗೆ ಎಂದು ಮೈಲಾರಲಿಂಗಪ್ಪನಿಗೆ ಗೊತ್ತು. ಆದರೆ ಜೀಪಿನ ಸದ್ದಿನಲ್ಲಿ 'ಅರ' ಅವನ ಕಿವಿಗೆ 'ಆರು' ಆಯಿತು. ಹೆಚ್ಚು ಕೊಟ್ಟರೆ ಬೇಗ ಗುಣ ಎಂದು ಅವನ ಮನಸ್ಸೂ ಹಿಗ್ಗಿತು. ನರ್ಸ್ ವೀರಭದ್ರಮ್ಮನ ಹತ್ತಿರ ಓಡಿದ.

"ಸಿಸ್ಟರ್, ಅವ್ವಗ ಆರು ಗುಳಿಗಿ ಕೊಡಬೇಕಂತ್ರಿ."

"ಆರಾ? ಚೀಟಿ ಎಲ್ಲೈತಿ?"

"ಚೀಟಿ ಯಾಕ್ರಿ? ಡಾಕ್ಟರ್ ಹೇಳಿದ್ದು ಕಿವಿಯಾರೆ ಕೇಳೀನಿ."

ವೀರಭದ್ರಮ್ಮ ಗಾದೆಮ್ಮನ ಮುಂಗೈ ಹಿಡಿದು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದರು. ನಲವತ್ತೆಂಟು. "ಕಣ್ಣಿಗೆ ಹೆಂಗ ಕಾಣ್ತೈತಿ ಅಮ್ಮಾ?"

"ಎಲ್ಲಾ ಹಳದಿ ತಾಯಿ. ಬಿಳಿ ಅನ್ನಾನೂ ಚಿತ್ರಾನ್ನ ಕಂಡಂಗ ಕಾಣ್ತೈತಿ."

ಮೈಲಾರಲಿಂಗಪ್ಪ ನಕ್ಕುಬಿಟ್ಟ. ನರ್ಸಮ್ಮ ನಗಲಿಲ್ಲ.

"ನಾಡಿ ಭಾಳ ಇಳದೈತಿ. ಈ ಔಷಧಿ ಮೈಯಾಗ ಹೆಚ್ಚಾದ್ರ ನಾಡಿ ಇಳೀತೈತಿ, ಕಣ್ಣಿಗೆ ಹಳದಿ ಕಾಣ್ತೈತಿ. ಡಾಕ್ಟರಿಗೆ ಫೋನ್ ಮಾಡಿ ಕೇಳ್ತೀನಿ. ಅಲ್ಲೀಮಟ ಒಂದೂ ಕೊಡಬ್ಯಾಡ್ರಿ."

"ನಾಡಿ ಇಳದೈತಿ ಅಂದ್ರ ಔಷಧಿ ಜಾಸ್ತಿ ಬೇಕಲ್ರಿ! ಡಾಕ್ಟರಿಗಿಂತ ನೀವು ದೊಡ್ಡಾರೇನು?"

"ದೊಡ್ಡಾಕಿ ಅಲ್ಲಪ. ಆದ್ರ ಕೊಡೋ ಕೈ ನಂದು."

ಆಕೆ ಫೋನಿನ ಕಡೆ ಹೋದರು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಮೈಲಾರಲಿಂಗಪ್ಪ ಮನೆಯಿಂದ ತಂದ ಅದೇ ಗುಳಿಗೆಯ ಶೀಸೆಯನ್ನು ಚೀಲದಿಂದ ತೆಗೆದ. ಆರು ಗುಳಿಗೆ ಅಂಗೈಗೆ ಸುರಿದುಕೊಂಡ.

"ಬಾಯಿ ತೆಗಿಯವ್ವ."

ಗಾದೆಮ್ಮ ಬಾಯಿ ತೆರೆದವಳು ಅಂಗೈ ನೋಡಿ ಮುಚ್ಚಿದಳು. "ಇವೂ ಹಳದಿನೇ ಅದಾವಲ್ಲೋ."

ಗುಳಿಗೆಗಳು ಸುಣ್ಣದಷ್ಟು ಬೆಳ್ಳಗಿದ್ದವು. ಈಗ ಅವನಿಗೆ ನಗು ಬರಲಿಲ್ಲ. ನರ್ಸಮ್ಮ ಹೇಳಿದ್ದು ನಿಜವಿದ್ದರೆ? ಎತ್ತಿದ ಕೈ ಅಲ್ಲೇ ನಿಂತಿತು.

ವೀರಭದ್ರಮ್ಮ ಬಂದಾಗಲೂ ಕೈ ಹಾಗೇ ಇತ್ತು. ಆಕೆ ಒಂದೊಂದಾಗಿ ಆರನ್ನೂ ಎತ್ತಿಕೊಂಡರು.

"ಅವರು ಅಂದಿದ್ದು ಅರ. ಅಂದ್ರ ತೆಲುಗಿನಾಗ ಅರ್ಧ! ನಾಡಿ ಲೆಕ್ಕ, ಕಣ್ಣಿಗೆ ಹಳದಿ ಕಾಣೋದು ಹೇಳಿದ ಮ್ಯಾಲೆ ಆ ಅರ್ಧನೂ ಬ್ಯಾಡ ಅಂದ್ರು. ವಾಪಸ್ ಬರಾಕ ಹತ್ಯಾರ."

"ನಾ ಆರೂ ನುಂಗಿಸಿದ್ದಿದ್ರ ಏನಾಗ್ತಿತ್ರಿ?"

"ಅವ್ವ ಉಳೀತಿದ್ದಿಲ್ಲಪ."

ಮೈಲಾರಲಿಂಗಪ್ಪ ತಾಯಿಯ ಕಾಲ ಬಳಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಡಾಕ್ಟರು ಬಂದರು. ಔಷಧಿ ನಿಲ್ಲಿಸಿ ಕಾದು ನೋಡಿದರು. ಆರೇಳು ದಿನಕ್ಕೆ ನಾಡಿ ಎಪ್ಪತ್ತಕ್ಕೆ ಬಂತು. ಗಾದೆಮ್ಮ ಊರಿಗೆ ಹೋಗುವ ದಿನ ಡಾಕ್ಟರು ಹೊಸ ಲೆಕ್ಕವನ್ನು ಚೀಟಿಯಲ್ಲಿ ಬರೆದು, ವೀರಭದ್ರಮ್ಮನ ಮುಂದೆಯೇ ಮಗನಿಂದ ಎರಡು ಸಲ ಓದಿಸಿದರು.

ಅಕ್ಕಂದಿರೇ, ಅಣ್ಣಂದಿರೇ, ಔಷಧಿಯ ಲೆಕ್ಕವನ್ನು ಬರೀ ಕಿವಿಗೆ ಒಪ್ಪಿಸಬೇಡಿ, ಬರೆಸಿಕೊಳ್ಳಿ. ನೀವಾಗಿ ಹೆಚ್ಚಿಸಬೇಡಿ, ನೀವಾಗಿ ನಿಲ್ಲಿಸಲೂ ಬೇಡಿ. ವಾಂತಿಯೋ, ಕಣ್ಣಿನ ತೊಂದರೆಯೋ, ಏನಿದ್ದರೂ ನಾಚಿಕೊಳ್ಳದೆ ಹೇಳಿ. ನರ್ಸಮ್ಮ "ಸ್ವಲ್ಪ ತಡೀರಿ" ಅಂದರೆ ಜಗಳಕ್ಕೆ ನಿಲ್ಲಬೇಡಿ, ತಡೆಯಿರಿ. ಆಕೆ ಆಗ ನಿಮ್ಮ ತಾಯಿಯ ಪರವಾಗಿ ಡಾಕ್ಟರನ್ನು ಕೇಳುತ್ತಿರುತ್ತಾರೆ.