ಕರ್ನಲ್‌ಗೆ ಏಕವಚನ

ಕರ್ನಲ್ ಅವರು ಯಾರು ಎಂದು ನಾನು ವಿಚಾರಿಸಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ಎಲ್ಲರೂ "ಒಂದು ಮಾತು ಕೇಳಬಾರದಿತ್ತಾ ಮೈಥಿಲಿ" ಎಂದರು.

ರಾಫೆಲ್ಸ್ ಪ್ಲೇಸಿನಲ್ಲಿ ಒಂದು ಸಣ್ಣ ಕಂಪನಿಯಿದೆ. ಹಳೆಯ ಟಿವಿ ಧಾರಾವಾಹಿಗಳನ್ನು ಕೊಂಡು, ಬೇರೆ ಬೇರೆ ಭಾಷೆಯಲ್ಲಿ ಸಬ್‌ಟೈಟಲ್ ಹಾಕಿಸಿ, ಮೊಬೈಲಿನಲ್ಲಿ ತೋರಿಸುತ್ತಾರೆ. ಈ ಸಲ ಅವರಿಗೆ ಸಿಕ್ಕಿದ್ದು ಕಪ್ಪು ಬಿಳುಪಿನ ಕೌಬಾಯ್ ಧಾರಾವಾಹಿ. ಧೂಳು ತುಂಬಿದ ಒಂದು ಊರು, ಒಬ್ಬ ಶೆರೀಫ್, ಬಂದೂಕು, ಕುದುರೆ. ನಡುನಡುವೆ ಕೆಲವು ನಗೆಯ ಕಂತುಗಳಿವೆಯಂತೆ. ಮೊದಲು ಅವನ್ನು ಕನ್ನಡದವರಿಗೆ ತೋರಿಸಿ ನೋಡುವುದು. ಹಿಡಿಸಿದರೆ ಇಡೀ ಧಾರಾವಾಹಿ ನನಗೆ, ಇಲ್ಲವಾದರೆ ಅನುವಾದದ ಸಾಫ್ಟ್‌ವೇರಿಗೆ. ಅಲ್ಲಿನ ಮ್ಯಾನೇಜರ್ ಸಿದ್ಧಾಂತ್ ಇದನ್ನು ಬಹಳ ನಯವಾಗಿ ಹೇಳಿದ. ಇಲ್ಲೇ ಹುಟ್ಟಿ ಬೆಳೆದವನು. ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ.

ಈ ಪರದೇಶಕ್ಕೆ ಬಂದಮೇಲೆ ನನ್ನ ಕನ್ನಡಕ್ಕೆ ಯಾರಾದರೂ ಕೆಲಸ ಕೊಟ್ಟದ್ದು ಇದೇ ಮೊದಲು. ಅದು ಕೈ ತಪ್ಪಬಾರದು ಎಂಬ ಭಯದಲ್ಲಿ ನಾನು ಪ್ರತಿ ಸಾಲನ್ನೂ ಅಕ್ಕಿ ಆರಿಸುವ ಹಾಗೆ ನೋಡಿದೆ.

ವಿಡಿಯೊ ಇರಲಿಲ್ಲ. ಹಳೆಯ ಪ್ರಿಂಟನ್ನು ಇನ್ನೂ ಕ್ಲೀನ್ ಮಾಡುತ್ತಿದ್ದಾರೆ ಎಂದು ಬರೀ ಮಾತುಗಳನ್ನು ಕಳಿಸಿದ್ದರು. ಅದರಲ್ಲಿ ಕರ್ನಲ್ ಎನ್ನುವವರು ಒಂದು ಮಾತೂ ಆಡುವುದಿಲ್ಲ, ಆದರೆ ಇಡೀ ಊರು ಅವರೊಡನೆ ಮಾತಾಡುತ್ತದೆ. ಇಂಗ್ಲಿಷಿಗೇನು, ಎಲ್ಲರಿಗೂ ಒಂದೇ 'ಯೂ', ಒಂದೇ 'ಹೀ'. ಕನ್ನಡದಲ್ಲಿ ಮೊದಲ ಸಾಲಿಗೇ ತೀರ್ಮಾನವಾಗಬೇಕು: ನೀನೋ, ನೀವೋ? ಅದಕ್ಕೇ ಸಿದ್ಧಾಂತನಿಗೆ ಬರೆದು ಕೇಳಿದೆ. ಕರ್ನಲ್ ಅವರ ವಯಸ್ಸೆಷ್ಟು, ಎಷ್ಟು ವರ್ಷದ ಸೇವೆ? ಉತ್ತರ ತಕ್ಷಣ ಬಂತು: "ನೈನ್. ವೆರಿ ಲಾಯಲ್."

ಒಂಬತ್ತು ವರ್ಷದ ಸೇವೆ, ನಿಷ್ಠಾವಂತರು. ನಾನು 'ನೀವು' ಎಂದು ನಿಶ್ಚಯಿಸಿದೆ.

"ಆದರೆ ಯಾಕೆ ಮಾತಾಡಲ್ಲ ಈ ಮನುಷ್ಯ?" ಎಂದು ಸಂಜೆ ಸುಹಾಸನನ್ನು ಕೇಳಿದೆ. ನನ್ನ ಗಂಡ ಜುರಾಂಗ್ ಐಲ್ಯಾಂಡಿನ ರಿಫೈನರಿಯಿಂದ ಬಂದು ಆಗಷ್ಟೇ ಊಟಕ್ಕೆ ಕೂತಿದ್ದ.

"ಯುದ್ಧ ನೋಡಿದೋರು ಮಾತಾಡಲ್ಲ ಕಣೆ. ನಮ್ಮ ದ್ವಾರಕನಾಥ್ ಚಿಕ್ಕಪ್ಪ ಇಲ್ವಾ?"

"ಸ್ನಾನ ಅಂದ್ರೆ ಓಡಿಹೋಗ್ತಾರಂತೆ."

"ಚಿಕ್ಕಪ್ಪನೂ ಅಷ್ಟೇ."

"ಮೇಯರ್ ಮನೇಲಿ ಡಚೆಸ್ ಅಂತ ಒಬ್ಬಳಿದಾಳೆ. ಇವರು ಹಗಲೂ ರಾತ್ರಿ ಅವಳ ಹಿಂದೆ ಬಿದ್ದಿದಾರೆ."

ಸುಹಾಸ್ ಅನ್ನ ಕಲಸುವುದನ್ನು ನಿಲ್ಲಿಸಿದ. "ಚಿಕ್ಕಪ್ಪ ಅದೊಂದು ಮಾಡಲಿಲ್ಲ."

ಅನುಮಾನ ಬರಬೇಕಾದ ಕಡೆಯೆಲ್ಲ ನನ್ನ ಓದು ಅಡ್ಡ ಬಂತು. 'ಮತ್ತೆ ಅಗಿಯಲು ಶುರು ಮಾಡಿದ್ದಾರೆ' ಎಂದಿದ್ದಲ್ಲಿ, ಹಳೆಯ ಸಿಪಾಯಿ, ಹೊಗೆಸೊಪ್ಪು ಇರಬೇಕು ಎಂದು ಸೇರಿಸಿದೆ. 'ನನ್ನ ಹಾಸಿಗೆಯಿಂದ ಇಳಿಸಿ ಅವರನ್ನು' ಎಂದು ಶೆರೀಫನ ತಂಗಿ ಕಿರುಚಿದ್ದನ್ನು 'ದಯವಿಟ್ಟು ಅವರಿಗೆ ಬೇರೆ ಕೋಣೆ ಕೊಡಿ' ಎಂದು ಮೃದು ಮಾಡಿದೆ. ಡಚೆಸ್‌ಗೆ ಆರು ಮಕ್ಕಳಾಗಿ, ಆರಕ್ಕೂ ಕರ್ನಲ್ ಅವರದೇ ಕಿವಿ ಎಂದು ಊರು ಆಡಿಕೊಂಡಾಗ, ಈ ಕಂತಿಗೂ ಹಿಂದಿನದಕ್ಕೂ ನಡುವೆ ಕೆಲವು ವರ್ಷ ಕಳೆದಿರಬೇಕು ಎಂದುಕೊಂಡೆ.

ಶನಿವಾರ ಕಂಪನಿಯ ಆಫೀಸಿನಲ್ಲಿ ಪ್ರದರ್ಶನ. ಮನೆಯಲ್ಲಿ ಬಿಡಲಾಗದೆ ಮಗಳು ಹಿತಾಳನ್ನೂ ಕರೆದುಕೊಂಡು ಹೋದೆ. ನೋಡಲು ಬಂದವರಲ್ಲಿ ಮೈಸೂರಿನ ಭಾಗೀರಥಿ ಆಂಟಿ ಇದ್ದರು, ಎಲ್ಲ ವಿಷಯಕ್ಕೂ ಅಭಿಪ್ರಾಯವಿರುವ ಅನಂತರಾಮ್ ಅಂಕಲ್ ಇದ್ದರು, ಇನ್ನೂ ಕೆಲವರು ಬಿಸ್ಕತ್ತು ಹಿಡಿದು ಕೂತಿದ್ದರು. ದೀಪ ಆರಿತು. ಬ್ಯಾಂಕಿನ ಬಾಗಿಲು ತೆರೆಯಿತು. ಶೆರೀಫ್ ಟೋಪಿ ತೆಗೆದ. ಕೆಳಗೆ ನನ್ನ ಸಾಲು ಮೂಡಿತು: 'ಬನ್ನಿ ಕರ್ನಲ್, ದಯವಿಟ್ಟು ಕುಳಿತುಕೊಳ್ಳಿ.'

ಒಂದು ಜೋಲುಗಿವಿಯ ನಾಯಿ ಬಂದು ಕುಳಿತುಕೊಂಡಿತು.

ನಾನು ಅದರ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಕಾದೆ.

"ಅಮ್ಮಾ," ಎಂದಳು ಹಿತಾ ಈ ಊರಿನ ಇಂಗ್ಲಿಷಿನಲ್ಲಿ, "ಕರ್ನಲ್ ಡಾಗ್ ಲಾ."

ಪರದೆಯ ಮೇಲೆ ನಾಯಿ ಒಂದು ಬೂಟನ್ನು ಜಗಿಯುತ್ತಿತ್ತು; ಕೆಳಗೆ 'ಕರ್ನಲ್ ಅವರು ಮತ್ತೆ ಹೊಗೆಸೊಪ್ಪು ಶುರು ಮಾಡಿದ್ದಾರೆ' ಎಂದಿತ್ತು. ಯಾರಾದರೂ ನಗುತ್ತಾರೆ, ಆಮೇಲೆ ಎದ್ದು ಹೋಗುತ್ತಾರೆ ಎಂದು ಕಿವಿಗೊಟ್ಟೆ.

"ಹೊಗೆಸೊಪ್ಪು ಎಲ್ರೀ ಇದೆ?" ಎಂದರು ಭಾಗೀರಥಿ ಆಂಟಿ.

"ಬೂಟಿನೊಳಗೆ ಬಚ್ಚಿಟ್ಟಿರ್ತಾರೆ," ಎಂದರು ಅನಂತರಾಮ್ ಅಂಕಲ್. "ಮಿಲಿಟರಿಯವರು."

ಅಲ್ಲಿಂದ ಮುಂದೆ ಅವರೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡು ನೋಡಿದರು. ನಕ್ಕರು, ಆದರೆ ಹಿರಿಯರ ಮುಂದೆ ನಗುವ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು. ಡಚೆಸ್ ಎಂಬ ಬಿಳಿ ಹೆಣ್ಣುನಾಯಿ ಆರು ಮರಿಗಳೊಡನೆ ತೆರೆಗೆ ಬಂದಾಗ ಆಂಟಿ ನಿಟ್ಟುಸಿರುಬಿಟ್ಟರು. "ಆಗಿದ್ದು ಆಗಿಹೋಯ್ತು. ಒಳ್ಳೆ ದಿನ ನೋಡಿ ಒಂದು ಹಾರ ಹಾಕಿಸಿಬಿಡೋದಪ್ಪ."

ದೀಪ ಹತ್ತಿದ ಮೇಲೆ ನಾನು ಸಿದ್ಧಾಂತನನ್ನು ಪಕ್ಕಕ್ಕೆ ಕರೆದೆ. "ತಪ್ಪಾಗಿದೆ. ನಾಯಿಗೆ ಬಹುವಚನ ಹಾಕಿದೀನಿ."

"ಬಹುವಚನ ಅಂದ್ರೆ ಪ್ಲೂರಲ್ ಅಲ್ವಾ ಆಂಟಿ?" ಅವನು ಪರದೆಯ ಕಡೆ ನೋಡಿದ. "ಬಟ್ ಒಂದೇ ಡಾಗ್ ಇದೆಯಲ್ಲ."

"ಅದು ಮರ್ಯಾದೆಗೆ."

"ಮರ್ಯಾದೆ ಕೊಟ್ರೆ ತಪ್ಪಾ?"

ಇದಕ್ಕೆ ವ್ಯಾಕರಣದಲ್ಲಿ ಉತ್ತರವಿತ್ತು. ಮುಂದಿನ ಶನಿವಾರದೊಳಗೆ ಸರಿ ಮಾಡಿಕೊಡುತ್ತೇನೆ, ಅದನ್ನು ನೋಡಿಯೇ ತೀರ್ಮಾನ ಮಾಡಿ ಎಂದೆ. ಇದನ್ನು ಹೀಗೇ ಬಿಟ್ಟರೆ ಎಂದಾದರೂ ಕನ್ನಡ ಬಲ್ಲ ಯಾರೋ ಒಬ್ಬರು ನೋಡುತ್ತಾರೆ, ಕೆಳಗೆ ನನ್ನ ಹೆಸರಿರುತ್ತದೆ ಎಂಬುದೇ ನನಗೆ ನಿದ್ದೆ ಕೊಡಲಿಲ್ಲ.

ವಾರವಿಡೀ ಕರ್ನಲ್ ಅವರನ್ನು ಕೆಳಗಿಳಿಸಿದೆ. ಬನ್ನಿ ಎಂದಿದ್ದನ್ನು ಬಾ ಮಾಡಿದೆ. ಅವರು ಎಂದಿದ್ದನ್ನು ಅದು ಮಾಡಿದೆ. ಹೊಗೆಸೊಪ್ಪು ತೆಗೆದು ಬೂಟು ಕೊಟ್ಟೆ. ಮಕ್ಕಳು ಮರಿಗಳಾದವು. ಕನ್ನಡ ಸ್ಫಟಿಕದ ಹಾಗೆ ಶುದ್ಧವಾಗಿತ್ತು.

ಎರಡನೆಯ ಶನಿವಾರ ಅದೇ ಜನ, ಅದೇ ಬಿಸ್ಕತ್ತು. ಶೆರೀಫ್ ಟೋಪಿ ತೆಗೆದ. 'ಬಾ ಕರ್ನಲ್, ಕೂತ್ಕೋ.'

ಒಂದು ಕುರ್ಚಿ ಕಿರುಗುಟ್ಟಿತು.

"ಇದೇನಿದು?" ಎಂದರು ಅನಂತರಾಮ್ ಅಂಕಲ್. "ಹೋದ ವಾರ ಎಷ್ಟು ಗೌರವ ಇತ್ತು."

"ಅಂಕಲ್, ಅದು ನಾಯಿ," ಎಂದೆ, ಆದಷ್ಟು ಮೆಲ್ಲಗೆ.

"ನಾಯಿ ಅಂತ ನಮಗೂ ಕಾಣುತ್ತಮ್ಮ. ಬ್ಯಾಂಕ್ ಕಳ್ಳರನ್ನ ಹಿಡಿದುಕೊಟ್ಟಿಲ್ವಾ ಅವರು? ಅಂಥೋರಿಗೆ ಏಕವಚನದಲ್ಲಿ ಮಾತಾಡ್ಸೋದಾ?"

"ನಮ್ಮ ಮನೇಲಿ ಮೊಮ್ಮಕ್ಕಳು ನನ್ನನ್ನೇ ಹೋಗು ಬಾ ಅಂತಾವೆ," ಎಂದರು ಭಾಗೀರಥಿ ಆಂಟಿ. "ಮನೇಲಿ ಇಲ್ಲದ ಬಹುವಚನ ಇಲ್ಲಾದ್ರೂ ನೋಡೋಣ ಅಂತ ಬಂದೆ. ಅದನ್ನೂ ತೆಗೆದ್ರೆ ನಾನು ಜುರಾಂಗ್ ಈಸ್ಟಿಂದ ಇಷ್ಟು ದೂರ ಯಾಕೆ ಬರಲಿ?"

ಹಿತಾ ನನ್ನ ಸೆರಗು ಜಗ್ಗಿದಳು. "ಅಮ್ಮ, ಕರ್ನಲ್ ಏನು ತಪ್ಪು ಮಾಡಿದ್ರು?"

'ಮಾಡಿದ್ರು' ಎಂದಳು. ಅಜ್ಜಿಗೆ ಫೋನಿನಲ್ಲಿ 'ನೀನು ಊಟ ಮಾಡಿದ್ಯಾ' ಎನ್ನುವ ಮಗು. ಎಷ್ಟು ಹೇಳಿಕೊಟ್ಟರೂ ಬಾರದ ಬಹುವಚನ, ಒಂದು ಜೋಲುಗಿವಿಯ ನಾಯಿಗೆ ಸಲೀಸಾಗಿ ಬಂದಿತ್ತು. ತಿದ್ದುವ ಬದಲು ಅವಳ ಕೈಗೊಂದು ಬಿಸ್ಕತ್ತು ಕೊಟ್ಟೆ.

ಸಿದ್ಧಾಂತ್ ಎದ್ದು ನಿಂತ. "ಓಕೆ. ಹಳೇದೇ ಫೈನಲ್. ಎಲ್ಲಾ ಎಪಿಸೋಡೂ ಮೈಥಿಲಿ ಆಂಟಿನೇ ಮಾಡ್ತಾರೆ. ಆದರೆ ಆಂಟಿ, ಸೇಮ್ ಮರ್ಯಾದೆ, ಹಾಂ? ಕಮ್ಮಿ ಮಾಡಬೇಡಿ."

"ಕುದುರೇಗೂ ಸ್ವಲ್ಪ ನೋಡಿ," ಎಂದರು ಅನಂತರಾಮ್ ಅಂಕಲ್. "ಅವರೂ ಸರ್ವಿಸಿನಲ್ಲೇ ಇರೋದು."

ಕೆಲಸ ಸಿಕ್ಕಿತು. ಸರಿಯಾದ ಕನ್ನಡ ಹೊಸ ಫೈಲಿನಲ್ಲಿ ಹಾಗೇ ಕೂತಿದೆ. ತಪ್ಪಿನ ಕೆಳಗೆ ನನ್ನ ಹೆಸರಿದೆ. ವೀಕ್ಷಕರು ಹೆಚ್ಚುತ್ತಿದ್ದಾರಂತೆ.

ಮೊನ್ನೆ ಹೊಸ ಕಂತಿನ ಮಾತುಗಳು ಬಂದವು. ಈ ಸಲವೂ ವಿಡಿಯೊ ಇಲ್ಲ. ಮೊದಲ ಸಾಲಿನಲ್ಲೇ ಶೆರೀಫ್ ಕರ್ನಲ್ ಅವರಿಗೆ ಮಿಸ್ ಅಬಿಗೇಲ್ ಎಂಬುವರನ್ನು ಪರಿಚಯಿಸುತ್ತಾನೆ. ಆಕೆಗೆ ಬೇಗ ಏಳುವ ಅಭ್ಯಾಸ, ಸ್ವಲ್ಪ ಗಾಬರಿಯ ಸ್ವಭಾವ. ನಾನು ಪಾಠ ಕಲಿತಿದ್ದೆ. ಒಂದಕ್ಷರವನ್ನೂ ಮುಟ್ಟುವ ಮೊದಲು ಸಿದ್ಧಾಂತನಿಗೆ ಫೋನ್ ಮಾಡಿದೆ. ವಯಸ್ಸು ಕೇಳಲಿಲ್ಲ, ಸೇವೆ ಕೇಳಲಿಲ್ಲ.

"ಮಿಸ್ ಅಬಿಗೇಲ್‌ಗೆ ಕಾಲು ಎಷ್ಟು?"

ಅವನು ಪ್ರಿಂಟ್ ಕ್ಲೀನ್ ಮಾಡುವವರನ್ನು ಕೇಳಿ ಹೇಳಿದ. "ಎರಡು."

ನೆಮ್ಮದಿಯಾಯಿತು. ಶಾಲೆಯ ಟೀಚರ್ ಇರಬಹುದು. 'ನಮಸ್ಕಾರ ಅಬಿಗೇಲ್ ಅವರೇ' ಎಂದು ಶುರುಮಾಡಿ ಒಂದೇ ಪಟ್ಟಿಗೆ ಕೂತು ಇಡೀ ಕಂತು ಮುಗಿಸಿದೆ.

ಇವತ್ತು ವಿಡಿಯೊ ಬಂತು. ಕೋಳಿ.

ತಿದ್ದಲು ಕೂತೆ. ಆಮೇಲೆ ಭಾಗೀರಥಿ ಆಂಟಿಯ ಮುಖ ನೆನಪಾಯಿತು. ಅಬಿಗೇಲ್ ಅವರು ಪರದೆಯ ಮೇಲೆ ಬೇಲಿ ಹಾರುತ್ತಿದ್ದರು. ಸ್ವಲ್ಪ ಹೊತ್ತು ನೋಡಿ, 'ಹಾರಿದರು' ಎಂಬುದನ್ನು ಹಾಗೇ ಬಿಟ್ಟೆ.